‘ಖಾಲಿ ಮಾಡು’ ಎಂದವಳು ನಾನೇ

ನನ್ನ ಬರಹಗಳನ್ನು ಎಷ್ಟು ಜನ ಓದಿದ್ದಾರೋ ತಿಳಿಯದು. ಆದರೆ ನಾನು ಬರೆದ ಎರಡೇ ಪದ ಓದಿ ಒಬ್ಬರು ಕಂಪ್ಯೂಟರಿಗೆ ಟವೆಲು ಹೊದಿಸಿ, ಅದರ ಕಡೆ ಬೆನ್ನು ಮಾಡಿ ಕೂತದ್ದು ಮಾತ್ರ ನಿಜ.

ಆಗ ನಾನು ಬರವಣಿಗೆಗೆ ಬಳಸುವ ಒಂದು ಮುಕ್ತ ತಂತ್ರಾಂಶವನ್ನು ಕನ್ನಡಕ್ಕೆ ತರುವ ಗುಂಪು ಸೇರಿದ್ದೆ. ಮುಕ್ತ ಎಂದರೆ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ನೆರೆಮನೆಗೂ ಹಂಚಬಹುದು. ಗುಂಪಿನ ಹಿರಿತನ ಬೆಂಗಳೂರಿನ ಶ್ರೀಧರನದು. ಈಗ ನನ್ನಂತೆ ಮರಾಠಿ ನಾಡಿನಲ್ಲಿ, ಬೇಲಾಪುರದಲ್ಲಿ ನೌಕರಿ, ಬಿಡುವಿನಲ್ಲಿ ಈ ಸೇವೆ. ‘ದೇಣಿಗೆ ಎಷ್ಟು ಕೊಡಬೇಕಪ್ಪಾ?’ ಎಂದು ಮೊದಲ ದಿನವೇ ಕೇಳಿದ್ದೆ.

‘ಕೊಟ್ರೆ ಬೇಡ ಅನ್ನಲ್ಲ ಮೇಡಂ, ಸರ್ವರ್ ಬಾಡಿಗೆಗೆ ಆಗುತ್ತೆ. ಆದ್ರೆ ದುಡ್ಡು ತಾನಾಗೇ ಕನ್ನಡ ಬರೆಯಲ್ವಲ್ಲ. ನೀವು ಬರೀರಿ.’

ಅನ್ನಸಂತರ್ಪಣೆಯ ಲೋಕವೂ ಹೀಗೆಯೇ. ಅಕ್ಕಿಮೂಟೆ ಕೊಟ್ಟವರ ಹೆಸರು ಗೋಡೆಯ ಮೇಲೆ ಇರುತ್ತದೆ. ಕುಂಬಳಕಾಯಿ ಹೆಚ್ಚಿದವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಸಾಂಬಾರಿನಲ್ಲಿ ಸಿಪ್ಪೆ ಸಿಕ್ಕಾಗ ಮಾತ್ರ ಎಲ್ಲರೂ ಅವರನ್ನೇ ಹುಡುಕುತ್ತಾರೆ.

ನಾನು ಹೆಚ್ಚುವವರ ಸಾಲಿನಲ್ಲಿ ಕೂತೆ. ಡೊಂಬಿವಲಿಯಿಂದ ಠಾಣೆಯ ಆಫೀಸಿಗೆ ಹೋಗುವಾಗ, ಲೋಕಲ್ ರೈಲಿನಲ್ಲಿ ಸೀಟು ಸಿಕ್ಕ ದಿನ, ಪದಗಳ ಪಟ್ಟಿಯನ್ನು ಮೊಣಕಾಲ ಮೇಲಿಟ್ಟು ಪೆನ್ಸಿಲಿನಲ್ಲಿ ಕನ್ನಡ ಬರೆಯುತ್ತಿದ್ದೆ. ಸೀಟು ಸಿಗದ ದಿನ ಕನ್ನಡಕ್ಕೂ ರಜೆ.

ತಂತ್ರಾಂಶ ಬಂದಿತು. ಮೊದಲು ಹಾಕಿಕೊಟ್ಟದ್ದು ಕಲ್ಯಾಣದ ಸರೋಜಕ್ಕನಿಗೆ. ಉಡುಪಿ ಕಡೆಯವರು, ಹಪ್ಪಳ ಉಪ್ಪಿನಕಾಯಿ ಮಾಡಿ ಮಾರುವವರು. ಇಂಗ್ಲಿಷ್ ಓದಲು ಬಾರದು. ಅವರ ಅತ್ತೆ ಬಾಯಿಮಾತಿನಲ್ಲೇ ಹೇಳಿಹೋದ ಅಡುಗೆಗಳನ್ನೆಲ್ಲ ಪುಸ್ತಕ ಮಾಡಿ ಎಂದು ಹುಚ್ಚು ಹಿಡಿಸಿದವಳು ನಾನೇ. ಒಂದೇ ಬೆರಳಿನಲ್ಲಿ ಕುಟ್ಟಿ ನಲವತ್ತು ಪುಟ ಮಾಡಿದ್ದರು. ಬೇರೆಲ್ಲೂ ಬರೆದಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಅವರ ಫೋನು. ‘ಮಾರಾಯ್ತಿ, ಪುಸ್ತಕದಲ್ಲಿ ಮಾವಿನ ಮಿಡಿಯನ್ನು ನಿಂಬೆಕಾಯಿಯ ಕೆಳಗೆ ತರ್ಲಿಕ್ಕೆ ಹೋದೆ. ನೀನು ಒತ್ತು ಅಂದ ಗುಂಡಿಯಲ್ಲಿ “ಖಾಲಿ ಮಾಡು” ಅಂತ ಉಂಟು! ನಲವತ್ತು ಪುಟ ಖಾಲಿ ಆದ್ರೆ ಅತ್ತೆಯನ್ನು ಎಲ್ಲಿಂದ ಕರ್ಕೊಂಡು ಬರುದು? ಇನ್ನು ನಾನು ಅದನ್ನು ಮುಟ್ಟುದಿಲ್ಲ.’

ಕೂಡಲೇ ತಿಳಿಯಿತು. ‘ಕೆಳಗೆ ಸರಿಸು’ ಎಂದು ಇರಬೇಕಾದ ಜಾಗ ಅದು. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಇಪ್ಪತ್ತೈದು ವರ್ಷ ಲೋಕಲಿನ ಬಾಗಿಲಲ್ಲಿ ನಿಂತವರ ‘ಖಾಲೀ ಉತರಾ’, ಕೆಳಗೆ ಇಳೀರಿ, ಎಂಬುದನ್ನು ಕೇಳಿಕೇಳಿ, ನನ್ನ ಕನ್ನಡ ಯಾವ ಸ್ಟೇಷನ್ನಿನಲ್ಲೋ ನನಗೆ ಹೇಳದೆ ಇಳಿದುಹೋಗಿತ್ತು. ಧಾರವಾಡದವರಾದ ನಮ್ಮ ಯಜಮಾನರು ನಕ್ಕರು. ‘ಪುಕ್ಕಟೆ ಕೊಡ್ತೀವಂತ ಮಂದೀನ ಹೆದರಸೋದೇನs?’

ಶ್ರೀಧರನಿಗೆ ಹೇಳಿದೆ. ‘ಮೇಡಂ, ಅದನ್ನ ಓದಿ ಸರಿ ಅಂತ ಒಪ್ಪಿದವನು ನಾನೇ. ನಮ್ ಬಿಲ್ಡಿಂಗ್ ಲಿಫ್ಟಲ್ಲೂ ಕೆಳಗಿಳಿಯೋಕೆ ದಿನಾ ಅದೇ “ಖಾಲೀ” ನೋಡಿ!’

ವಾರದೊಳಗೆ ತಿದ್ದಿ ಕಳಿಸಿದ. ಪೆನ್‌ಡ್ರೈವ್ ಹಿಡಿದು ಕಲ್ಯಾಣಕ್ಕೆ ಹೋದೆ. ಟವೆಲು ತೆಗೆದು, ಮೊದಲು ನಲವತ್ತು ಪುಟಗಳಿಗೂ ಇನ್ನೊಂದು ಪ್ರತಿ ಮಾಡಿಟ್ಟು, ಹೊಸದನ್ನು ಹಾಕಿದೆ. ‘ಈಗ ಒತ್ತರಿ.’

‘ನೀನೇ ಒತ್ತು.’

‘ಪುಸ್ತಕ ನಿಮ್ಮದ್ರೀ.’

ಸರೋಜಕ್ಕ ಕಣ್ಣು ಮುಚ್ಚಿ ಒತ್ತಿದರು. ಆಮೇಲೆ ಒಂದೇ ಕಣ್ಣು ತೆರೆದರು. ಮಾವಿನ ಮಿಡಿ ಸದ್ದಿಲ್ಲದೆ ನಿಂಬೆಕಾಯಿಯ ಕೆಳಗೆ ಬಂದು ಕೂತಿತ್ತು. ನಲವತ್ತು ಪುಟಗಳೂ ಇದ್ದವು.

ಅವರಿಗೆ ಧೈರ್ಯ ಬಂದಿತು. ನನಗೆ ಕಷ್ಟ ಶುರುವಾಯಿತು. ಕ್ಯಾಲೆಂಡರಿನ ಹಿಂದಿನಿಂದ ಒಂದು ಚೀಟಿ ತೆಗೆದರು. ಹೆದರಿಕೆ ಹುಟ್ಟಿಸಿದ ಇನ್ನೂ ಹನ್ನೊಂದು ಪದ! ‘ಇದೊಂದು ನೋಡು, “ಕೊಲ್ಲು” ಅಂತೆ. ಯಾರನ್ನು ಕೊಲ್ಲುದು? ಉಪ್ಪಿನಕಾಯಿ ಮಾಡುವವರ ಮನೆಯಲ್ಲಿ ಇದೆಲ್ಲ ಯಾಕೆ?’ ಸಿಕ್ಕಿಹಾಕಿಕೊಂಡ ಕೆಲಸವನ್ನು ನಿಲ್ಲಿಸುವ ಗುಂಡಿ ಅದು. ಅದನ್ನು ಬರೆದದ್ದು ನಾನಲ್ಲ ಎಂದು ತುಸು ಹೆಮ್ಮೆಯಿಂದಲೇ ಹೇಳಿಕೊಂಡೆ.

ಚೀಟಿಯನ್ನು ಶ್ರೀಧರನಿಗೆ ಕಳಿಸಿದೆ. ಹನ್ನೊಂದನ್ನೂ ತಿದ್ದಿ, ಸ್ವಯಂಸೇವಕರ ಪಟ್ಟಿಯಲ್ಲಿ ಸರೋಜಕ್ಕನ ಹೆಸರನ್ನೂ ಸೇರಿಸಿದ. ತೋರಿಸಿದರೆ ಅವರು ಒಪ್ಪಲೊಲ್ಲರು.

‘ದುಡ್ಡು ಕೊಡ್ಲಿಲ್ಲ, ಕೆಲಸ ಮಾಡ್ಲಿಲ್ಲ. ನಾನು ಹೆದರಿದ್ದು ಮಾತ್ರ ಅಲ್ವಾ?’

ಗುಂಪಿನಲ್ಲಿ ಏಳೆಂಟು ಮಂದಿ ಧೈರ್ಯವಾಗಿ ಬರೆದಿದ್ದೆವು. ಹೆದರಿ ಓದುವವರು ಒಬ್ಬರೂ ಇರಲಿಲ್ಲ.