ಚೈತ್ರಾಳ ತುಲಾಭಾರ

ನನ್ನ ತಂಗಿ ಚೈತ್ರಾ ಹೊಟ್ಟೆ ತುಂಬ ಉಂಡದ್ದನ್ನು ನಾವು ನೋಡಿ ಹನ್ನೆರಡು ವರ್ಷವಾಗಿತ್ತು. ಎಲ್ಲರ ಮುಂದೆ ಅರ್ಧ ರೊಟ್ಟಿ ಮುರಿದು, ಸಾಕು ಅಂತ ಎದ್ದುಬಿಡುತ್ತಿದ್ದಳು. ಆಮೇಲೆ ಚಿತ್ರದುರ್ಗದ ತನ್ನ ಟೈಲರಿಂಗ್ ಅಂಗಡಿಯಲ್ಲಿ ಷಟರ್ ಎಳೆದುಕೊಂಡು ಬೂಂದಿ, ಮಂಡಕ್ಕಿ, ಬನ್ನು, ಸಿಕ್ಕಿದ್ದನ್ನೆಲ್ಲ ಅಳುತ್ತಾ ತಿನ್ನುತ್ತಿದ್ದಳು. ಊರ ಹೆಂಗಸರ ಅಳತೆ ಹಿಡಿಯುವವಳು ತನ್ನ ಮೈಗೆ ಮಾತ್ರ ಟೇಪು ಮುಟ್ಟಿಸುತ್ತಿರಲಿಲ್ಲ. ಇದೆಲ್ಲ ಗೊತ್ತಾಗಿದ್ದು ಸಕ್ಕರೆ ಕಾಯಿಲೆ ಬಂದು, ಅಂಗಡಿಯಲ್ಲೇ ತಲೆ ಸುತ್ತಿ ಬಿದ್ದಾಗ. ಡಾಕ್ಟರು ಮಾತ್ರೆ ಬರೆದು, ಆಪ್ತಸಮಾಲೋಚಕಿ ಪಲ್ಲವಿ ಅವರ ಹತ್ತಿರ ಕಳಿಸಿದರು.

"ನನ್ನ ಮಗಳಿಗೇನು ಹುಚ್ಚು ಹಿಡ್ದೈತಾ?" ಎಂದು ಅವ್ವ ತುರುವನೂರಿನ ಮನೆಯಲ್ಲಿ ರಂಪ ಮಾಡಿದಳು. ನಾನೋ ಸ್ಕೂಲ್ ಟೀಚರು, ಮಹಾ ತಿಳಿದವಳು! "ಬಾಯಿ ಕಟ್ಟಿದ್ರೆ ಮುಗೀತು, ಅದಕ್ಕೆ ವಾರ ವಾರ ಹೋಗಿ ಮಾತಾಡೋದೇನೈತೆ?" ಎಂದೆ. ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ.

ಆದರೂ ಅವಳು ಹೋದಳು. ತಿನ್ನಬೇಕು ಅನ್ನಿಸಿದಾಗೆಲ್ಲ ಏನು ನೆನಪಾಯಿತು ಅಂತ ಬರೆದಿಡಲು ಪಲ್ಲವಿ ಮೇಡಂ ಹೇಳಿದ್ದರಂತೆ. ಐದನೇ ತಿಂಗಳು ನನ್ನನ್ನೂ ಕರೆಸಿದರು. ಚೈತ್ರಾ ನೋಟ್‌ಬುಕ್ ತೆರೆದಳು. ಪುಟಪುಟದಲ್ಲೂ ಒಂದೇ ದಿನದ ಕಥೆ.

ಅವಳಿಗೆ ಹದಿನಾರಿದ್ದಾಗ ಟೈಫಾಯ್ಡ್ ಬಂದಿತ್ತು. ಬದುಕಿದರೆ ಅವಳ ತೂಕದಷ್ಟು ಬೆಲ್ಲ ಕೊಡುತ್ತೇನೆಂದು ಅವ್ವ ದೇವರಿಗೆ ಹರಕೆ ಹೊತ್ತಳು. ಬದುಕಿದಳು. ವರ್ಷವಿಡೀ ಹಾಲು, ತುಪ್ಪ ಅಂತ ತುರುಕಿ, ಕೊನೆಗೆ ಹಳೇ ಆಸ್ಪತ್ರೆ ಚೀಟಿಯಲ್ಲಿದ್ದ ತೂಕ ನೋಡಿ ನಲವತ್ತೆರಡು ಕೆಜಿ ಬೆಲ್ಲ ತಂದೆವು. ಎಂಥ ಪೆದ್ದರು ನಾವು! ತುಲಾಭಾರದ ದಿನ ಗುಡಿಯ ತಕ್ಕಡಿಯಲ್ಲಿ ಅಷ್ಟೂ ಪೇರಿಸಿದರೂ ಅವಳು ಕೂತ ಬದಿ ಮೇಲೇಳಲಿಲ್ಲ. ಮಾವ ಮಂಜಣ್ಣ ಇನ್ನಷ್ಟು ಬೆಲ್ಲಕ್ಕೆ ಅಂಗಡಿಗೆ ಓಡಿದ. ಅವನು ಬರುವ ತನಕ, ಮುಕ್ಕಾಲು ಗಂಟೆ, ಹೂ ಮುಡಿದುಕೊಂಡು ಜನರ ಮಧ್ಯೆ ತಕ್ಕಡಿಯಲ್ಲೇ ಕೂತಿದ್ದಳು.

"ಎಲ್ರೂ ನಕ್ರು," ಎಂದು ಚೈತ್ರಾ ಓದಿದಳು. "ಮೊದ್ಲು ನಕ್ಕೋಳು ನಮ್ಮಕ್ಕ. 'ಲೇ ಚೈತ್ರಿ, ಇಳಿಯೇ, ದೇವ್ರ ತಕ್ಕಡಿ ಮುರ್ದೀತು' ಅಂದ್ಲು."

ನನಗೆ ಆ ಮಾತು ನೆನಪೇ ಇರಲಿಲ್ಲ. ಥೂ, ಇವಳ ಒಡಹುಟ್ಟಿದವಳಾ ನಾನು ಅನ್ನಿಸಿತು. "ತಪ್ಪಾತು ಕಣವ್ವ, ನನ್ನ ಮಾಫ್ ಮಾಡು," ಎಂದು ಕೈ ಹಿಡಿದೆ. ಅವಳು ಬಿಡಿಸಿಕೊಂಡಳು.

"ಮಾಫಿ ಗೀಫಿ ಬ್ಯಾಡ. ನಾನು ಉಣ್ಣೋವಾಗ ನನ್ನ ತಟ್ಟೆ ನೋಡ್ಬ್ಯಾಡ, ಅಷ್ಟು ಸಾಕು."

ಮಧ್ಯಾಹ್ನ ಇಬ್ಬರೂ ಖಾನಾವಳಿಗೆ ಹೋದೆವು. ರೊಟ್ಟಿ, ಪಲ್ಯ, ಅನ್ನ ಬಂತು. ನಾನು ತಲೆ ಬಗ್ಗಿಸಿಕೊಂಡು ಉಂಡೆ. ಅವಳು ಎಷ್ಟು ಉಂಡಳೋ, ನಾನು ನೋಡಲಿಲ್ಲ.