ಮಧ್ಯಾಹ್ನ ಎರಡು ಗಂಟೆಯ ಆಮೇಲಣ್ಣ

ರೇಡಿಯೋದಲ್ಲಿ ಮಾತಾಡುವವರ ದನಿ ಬೆಣ್ಣೆಯ ಹಾಗಿರಬೇಕು ಅಂತಾರೆ. ಇವನದು ಎಣ್ಣೆ ಕಾಣದ ಬಾಗಿಲಿನ ದನಿ. ಆದರೂ ಇಪ್ಪತ್ತೊಂದು ವರ್ಷ, ವಾರಕ್ಕೆ ಐದು ದಿನ, ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಅದೇ ದನಿ ಬರುತ್ತಿತ್ತು. ಪಾತ್ರೆ ತೊಳೆದು ಮುಗಿದಿರುತ್ತದೆ, ಮಕ್ಕಳು ಶಾಲೆಯಿಂದ ಬಂದಿರುವುದಿಲ್ಲ, ಮಲಗಿದರೆ ನಿದ್ದೆ ಹತ್ತುವುದಿಲ್ಲ, ಅಂಥ ಹೊತ್ತು ಅದು. ಯಾರಿಗೂ ಬೇಡದ ಹೊತ್ತು. ಅದಕ್ಕೇ ಅದನ್ನು ಅವನಿಗೆ ಕೊಟ್ಟಿದ್ದರು.

ಅವನ ಪದ್ಧತಿಯೇ ಬೇರೆ. ಒಂದು ಹಾಡು ಹಾಕುವನು. ಹಾಡು ಮುಗಿದ ಮೇಲೆ ಮೈಕಿಗೆ ಬಾಯಿ ಹತ್ತಿರ ಮಾಡಿ, ಪಕ್ಕದ ಮನೆಯವರನ್ನು ಕೇಳುವ ಹಾಗೆ, "ಊಟ ಆಯ್ತಾ?" ಎನ್ನುವನು. ಕೇಳಿ ಸುಮ್ಮನಾಗುವನು. ಮನಸ್ಸಿನಲ್ಲೇ ಎಣಿಸಿದರೆ ಹನ್ನೆರಡರವರೆಗೆ ರೇಡಿಯೋದಲ್ಲಿ ಬರೀ ಉಸಿರು. ಆಮೇಲೆ, ಅತ್ತ ಕಡೆಯವರು ಏನೋ ಹೇಳಿ ಮುಗಿಸಿದರು ಎನ್ನುವಂತೆ, "ಹೌದಾ. ಆಮೇಲೆ?" ಮತ್ತೆ ಹನ್ನೆರಡು. "ಅಯ್ಯೋ ಪಾಪ. ಹಾಗಾದ್ರೆ ಇವತ್ತು ಮೆಟ್ಟಿಲು ಹತ್ತಬೇಡಿ." ಯಾರ ಮೆಟ್ಟಿಲು, ಯಾರ ಕಾಲು, ಅವನಿಗೇ ಗೊತ್ತು. ಹೀಗೆ ಅರ್ಧ ಗಂಟೆ. ಜನ ಅವನನ್ನು ಆಮೇಲಣ್ಣ ಎಂದು ಕರೆದರು, ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ಹುಚ್ಚು ಅಂತ ನಕ್ಕವರೂ ಇದ್ದರು. ನಗುವುದಕ್ಕೇನು, ಹಲ್ಲಿದ್ದವರೆಲ್ಲ ನಗುತ್ತಾರೆ. ಆದರೆ ಅದು ಎಲ್ಲಿಂದ ಬಂತು ಎಂದು ತಿಳಿದುಕೊಳ್ಳಬೇಕು. ಅವನಿಗೆ ಒಂಬತ್ತು ವರ್ಷವಾಗಿದ್ದಾಗ ಅವನ ತಾಯಿಗೆ ಲಕ್ವ ಹೊಡೆದು ಮಾತು ನಿಂತುಹೋಯಿತು. ಅಪ್ಪನಿಗೆ ಅಚ್ಚುಕೂಟದಲ್ಲಿ ಕೆಲಸ, ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಅಡುಗೆಗೆ ಒಬ್ಬ ದೊಡ್ಡಮ್ಮ ಬಂದು ಹೋಗುತ್ತಿದ್ದರು, ಒಳ್ಳೆಯವರೇ, ಬಾಯಿ ಸ್ವಲ್ಪ ಜೋರು, ಇರಲಿ ಅವರ ಸುದ್ದಿ ಈಗ ಬೇಡ. ಶಾಲೆಯಿಂದ ಬಂದವನು ಮಂಚದ ಕಾಲಿನ ಬಳಿ ಕೂತು, "ಅಮ್ಮಾ, ಇವತ್ತು ಮೇಷ್ಟ್ರು ಬಂದಿರಲಿಲ್ಲ, ಯಾಕಿರಬಹುದು?" ಎಂದು ಕೇಳುವನು. ತಾಯಿ ನೋಡುತ್ತಾ ಮಲಗಿರುವಳು. ಮಾತು ಇದ್ದಿದ್ದರೆ ಅವಳು ಎಷ್ಟು ಹೊತ್ತು ಮಾತಾಡುತ್ತಿದ್ದಳೋ ಅಷ್ಟು ಹೊತ್ತು ಕಾಯುವನು. ಕಾದು, "ಹ್ಞೂಂ, ನನಗೂ ಹಾಗೇ ಅನ್ನಿಸ್ತು" ಎನ್ನುವನು. ಹೀಗೆ ಆರು ವರ್ಷ ಅವರಿಬ್ಬರೂ ಮಾತಾಡಿದರು. ಒಂದು ಸಲವೂ ಜಗಳವಾಗಲಿಲ್ಲ.

ರೇಡಿಯೋ ನಿಲಯಕ್ಕೆ ಅವನು ಸೇರಿದ್ದು ಮಾತಾಡಲಿಕ್ಕಲ್ಲ, ರೆಕಾರ್ಡು ಒರೆಸಲಿಕ್ಕೆ. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಮರದ ಕಪಾಟು, ಅದರಲ್ಲಿ ಸಾವಿರಾರು ರೆಕಾರ್ಡು. ಮೆತ್ತನೆ ಬಟ್ಟೆಯಲ್ಲಿ ಒಳಗಿನಿಂದ ಹೊರಕ್ಕೆ ಸುತ್ತು ಬಂದು ಒರೆಸಿ, ಕವರಿಗೆ ಹಾಕಿ, ನಂಬರಿನ ಪ್ರಕಾರ ಇಡಬೇಕು. ಒಂದು ಮಧ್ಯಾಹ್ನ ಹಾಡಿನ ಕಾರ್ಯಕ್ರಮ ಹೇಳುವವರಿಗೆ ಗಂಟಲು ಕಟ್ಟಿತು. ಬಾಯಿ ತೆರೆದರೆ ಗಾಳಿ. ಬೇರೆ ಯಾರೂ ಸಿಕ್ಕದೆ ಕಪಾಟಿನ ಮುಂದೆ ನಿಂತಿದ್ದ ಇವನನ್ನೇ ಎಳೆದು ತಂದು ಮೈಕಿನ ಮುಂದೆ ಕೂರಿಸಿದರು. ಕೂತವನು ಹೆದರಿ, ಏನೂ ತೋಚದೆ, "ಏನ್ ಮಾಡ್ತಿದ್ದೀರಿ?" ಎಂದು ಕೇಳಿಬಿಟ್ಟ. ಕೇಳಿದ ಮೇಲೆ ಅಭ್ಯಾಸಬಲ, ಉತ್ತರಕ್ಕೆ ಕಾದ.

ಯಾರಿಗೂ ಬೇಡದ ಆ ಹೊತ್ತು ಅಂದಿನಿಂದ ಅವನದೇ ಆಯಿತು, ಆದರೆ ಆ ಕಾಯುವಿಕೆಯೇ ದೊಡ್ಡ ರಾದ್ಧಾಂತ. ನಿಲಯದಲ್ಲಿ ಒಂದು ನಿಯಮವಿತ್ತು. ಇಪ್ಪತ್ತು ಸೆಕೆಂಡು ದನಿ ಹೋಗದಿದ್ದರೆ ಏನೋ ಕೆಟ್ಟಿದೆ ಎಂದರ್ಥ. ಗಾಜಿನ ಆಚೆ ಕೂತ ಎಂಜಿನಿಯರು ತಕ್ಷಣ ಕೊಳಲಿನ ರೆಕಾರ್ಡೊಂದನ್ನು ಬಿಡಬೇಕು. ಅದನ್ನು ಯಾವಾಗಲೂ ಪಕ್ಕದ ತಿರುಗು ತಟ್ಟೆಯಲ್ಲಿ ಸಿದ್ಧವಾಗಿ ಇಟ್ಟಿರುತ್ತಿದ್ದರು. ಎಂಜಿನಿಯರು ದಪ್ಪ ಕನ್ನಡಕದ ಮನುಷ್ಯ, ನಿಯಮವೆಂದರೆ ಪ್ರಾಣ. ಮೊದಲ ವರ್ಷ ಆಮೇಲಣ್ಣ ಸುಮ್ಮನಾದಾಗಲೆಲ್ಲ ಅವನ ಕೈ ಕೊಳಲಿನ ಮೇಲೆ. "ಹತ್ತೊಂಬತ್ತಕ್ಕೆ ಬಾಯಿ ಬಿಡ್ತೀಯಲ್ಲ ಮಾರಾಯ, ನನ್ನ ಎದೆ ನಿಂತು ಹೋಗುತ್ತೆ" ಎಂದು ಬೈಯುವನು. ಹನ್ನೆರಡಕ್ಕೆ ಒಪ್ಪಂದವಾಯಿತು. ಅಲ್ಲಿಂದ ಇಬ್ಬರೂ ಗಾಜಿನ ಎರಡು ಬದಿಯಲ್ಲಿ ಇಪ್ಪತ್ತು ವರ್ಷ ಕೂತರು. ಗೆಳೆಯರೋ ಎಂದರೆ, ಒಬ್ಬರ ಮನೆಗೆ ಇನ್ನೊಬ್ಬರು ಹೋದವರಲ್ಲ.

ಮೊದಮೊದಲು ಪತ್ರ ಬರುತ್ತಿತ್ತು. ಇಂಥ ಹಾಡು ಹಾಕಿ, ನಮ್ಮ ಮನೆಯವರೆಲ್ಲರ ಹೆಸರು ಓದಿ, ಎಂದು. ಆಮೇಲಣ್ಣ ಆ ಪತ್ರಗಳನ್ನು ನೋಡಿ ಯೋಚಿಸಿದ. ಬರೆಯುವುದಕ್ಕೆ ಬರುವವರ ಹೆಸರು ಮಾತ್ರ ಓದಿದರೆ, ಬಾರದವರು ಏನು ಮಾಡಬೇಕು? ಅವರೂ ಕೇಳುತ್ತಿರುತ್ತಾರಲ್ಲ. ಮಾರನೆಯ ದಿನವೇ ಹೇಳಿಬಿಟ್ಟ, "ಇನ್ಮೇಲೆ ಪತ್ರ ಬರೀಬೇಡಿ. ಬಾಯಲ್ಲೇ ಹೇಳಿ, ಸಾಕು. ನನಗೆ ಕೇಳಿಸುತ್ತೆ." ಒಂದು ಸಲ ಅಲ್ಲ, ದಿನಾ ಹೇಳಿದ. ಹೇಳಿ ಹೇಳಿ ಅದೇ ಕಾರ್ಯಕ್ರಮದ ಕೊನೆಯ ಮಾತಾಯಿತು. ಜನ ಅವನ ಮಾತು ನಡೆಸಿಕೊಟ್ಟರು, ಅವನ ಹೆಸರಿಗೆ ಒಂದು ಕಾಗದ ಬಂದಿದ್ದರೆ ಕೇಳಿ. ನಿಲಯದ ಗೋಡೆಗೆ ಪತ್ರ ಹಾಕುವ ಸಣ್ಣ ಸಣ್ಣ ಗೂಡುಗಳಿದ್ದವು, ಕಾರ್ಯಕ್ರಮಕ್ಕೊಂದು. ಅವನ ಗೂಡಿನಲ್ಲಿ ಕಸ ಗುಡಿಸುವವಳು ತನ್ನ ಎಲೆ ಅಡಿಕೆ ಚೀಲ ಇಟ್ಟುಕೊಳ್ಳುತ್ತಿದ್ದಳು.

ನಡುವೆ ಮದುವೆಯೂ ಆಯಿತು. ಹೆಂಡತಿ ಒಳ್ಳೆಯ ಹೆಣ್ಣು, ಹೊಲಿಗೆ ಬಲ್ಲವಳು, ನಕ್ಕರೆ ಕೆನ್ನೆಯಲ್ಲಿ ಗುಳಿ. ಆದರೆ ಇವನು ಮನೆಗೆ ಬಂದರೆ ಬಾಯಿಗೆ ಬೀಗ. ಇದ್ದ ಮಾತೆಲ್ಲ ಮೈಕಿಗೆ ಸುರಿದು ಬಂದಿರುತ್ತಿದ್ದ. ಅವಳು ಒಂದು ದಿನ ದಾರ ಕಚ್ಚುತ್ತಾ ಹೇಳಿದಳಂತೆ, "ಊರೋರನ್ನೆಲ್ಲಾ ವಿಚಾರಿಸ್ತೀರಿ. ನಿಮ್ಮ ಹತ್ರ ಮಾತಾಡಬೇಕು ಅಂದ್ರೆ ನಾನೂ ರೇಡಿಯೋ ಮುಂದೆ ಕೂತ್ಕೋಬೇಕಾ?" ಕೆಲವು ವರ್ಷ ಹೀಗೇ ಸಾಗಿತು. ಆಮೇಲೆ ತಂಗಿಯ ಬಾಣಂತನಕ್ಕೆ ಎಂದು ಹೋದವಳು ಅಲ್ಲೇ ನಿಂತಳು. ಜಗಳವಿಲ್ಲ, ರಂಪವಿಲ್ಲ. ಹೊಲಿಗೆ ಯಂತ್ರ ಕಳಿಸಿ ಎಂದು ಒಂದು ಸುದ್ದಿ ಬಂತು, ಕಳಿಸಿದ. ಯಂತ್ರವಿದ್ದ ಜಾಗದಲ್ಲಿ ನೆಲದ ಬಣ್ಣ ಬೇರೆಯಾಗಿತ್ತು. ಆ ಜಾಗ ತುಳಿಯದೆ ಓಡಾಡುವುದು ಅವನಿಗೆ ರೂಢಿಯಾಯಿತು.

ಇಪ್ಪತ್ತೊಂದನೆಯ ವರ್ಷ ಹೊಸ ಮೇಲಧಿಕಾರಿ ಬಂದರು. ಹೆಂಗಸು, ಸೌಮ್ಯವಾದ ಮಾತು, ಮೇಜಿನ ಮೇಲೆ ಪೆನ್ಸಿಲುಗಳೆಲ್ಲ ಒಂದೇ ಉದ್ದ. ಆಕೆ ಎಲ್ಲ ಗೂಡುಗಳನ್ನೂ ನೋಡಿಕೊಂಡು ಬಂದು ಇವನನ್ನು ಕರೆಸಿದರು. ನಿಮ್ಮ ಕಾರ್ಯಕ್ರಮ ಯಾರಾದರೂ ಕೇಳುತ್ತಾರೆಯೇ ಎಂದು ಕೇಳಿದರು. ಕೇಳುತ್ತಾರೆ ಎಂದ. ಹೇಗೆ ಗೊತ್ತು ಎಂದರು. ಅವನು ಹನ್ನೆರಡು ಎಣಿಸುವಷ್ಟು ಹೊತ್ತು ಸುಮ್ಮನಿದ್ದ, ಆದರೂ ಏನೂ ಕೇಳಿಸಲಿಲ್ಲ.

"ತಿಂಗಳ ಕೊನೆವರೆಗೆ ನೋಡೋಣ. ನೂರು ಬೇಡ, ಒಂದಿಪ್ಪತ್ತು ಪತ್ರ ತೋರಿಸಿ. ಇಲ್ಲಾಂದ್ರೆ ಆ ಹೊತ್ತಿಗೆ ಬರೀ ಹಾಡು ಹಾಕೋಣ," ಎಂದರು ಆಕೆ. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಕಾರ್ಯಕ್ರಮ ಹೋದರೆ ಹೋಗಲಿ, ರೆಕಾರ್ಡು ಒರೆಸುವ ಕೆಲಸ ಇದ್ದೇ ಇತ್ತು. ಅವನನ್ನು ಕೊರೆದದ್ದು ಆಕೆಯ ಪ್ರಶ್ನೆ. ಯಾರಾದರೂ ಇದ್ದಾರೆಯೇ? ಇಪ್ಪತ್ತೊಂದು ವರ್ಷ ತಾನು ಕೇಳಿದ್ದು, ಕಾದದ್ದು, ಉತ್ತರ ಕೊಟ್ಟದ್ದು, ಅಷ್ಟೂ ಖಾಲಿ ಕೋಣೆಯಲ್ಲಿಯೋ? ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಮುಖ ನೋಡುವನು. ಕೇಳಲು ಬಾಯಿ ಬರುತ್ತಿರಲಿಲ್ಲ.

ಎರಡು ದಿನ ಬಿಟ್ಟು ಮೈಕಿನಲ್ಲಿ ಹೇಳಿದ, "ಇಷ್ಟು ವರ್ಷ ಬರೀಬೇಡಿ ಅಂತಿದ್ದೆ. ಈಗ ಬರೀರಿ. ಬರೆಯೋಕೆ ಬರದೆ ಇದ್ರೆ ಯಾರ ಕೈಲಾದ್ರೂ ಬರೆಸಿ. ನನಗೆ ಬೇಕಾಗಿದೆ." ಹೇಳುವಾಗ ಅವನ ಕಿವಿ ಕೆಂಪಾಗಿದ್ದನ್ನು ಗಾಜಿನ ಆಚೆಯಿಂದ ಎಂಜಿನಿಯರು ನೋಡಿದ.

ಒಂದು ವಾರ ಏನೂ ಬರಲಿಲ್ಲ. ಎರಡನೆಯ ವಾರ ಒಂದೇ ದಿನ ಐದು ಬಂದವು. ಆಮೇಲಣ್ಣ ಆಸೆಯಿಂದ ಒಡೆದು ಓದಿದ. ಐದು ಬೇರೆ ಬೇರೆ ಊರು, ಐದು ಬೇರೆ ಬೇರೆ ಕೈಬರಹ, ಒಂದಂತೂ ಎಡಗೈಯಲ್ಲಿ ಬರೆದ ಹಾಗೆ ಸೊಟ್ಟ. ಐದಕ್ಕೂ ಹಸಿರು ಮಸಿ. ಆ ಹಸಿರು ಮಸಿಯಲ್ಲಿ ಇಡೀ ನಿಲಯದಲ್ಲಿ ಬರೆಯುತ್ತಿದ್ದವನು ಒಬ್ಬನೇ, ಯಂತ್ರದ ದಿನಚರಿ ಬರೆಯುವ ಎಂಜಿನಿಯರು. ನಿಯಮ ಮೀರಲಾರದ ಮನುಷ್ಯ ಸುಳ್ಳು ಬರೆಯುವಾಗಲೂ ಮಸಿ ಬದಲಾಯಿಸಿರಲಿಲ್ಲ.

"ಚೆನ್ನಾಗಿ ಬರೀತಾರೆ ನಿನ್ನ ಕೇಳುಗರು," ಎಂದ ಎಂಜಿನಿಯರು, ಕನ್ನಡಕ ಒರೆಸುತ್ತಾ.

"ಐದೂ ಜನ ಒಂದೇ ಅಂಗಡೀಲಿ ಮಸಿ ತಗೊಂಡಿದ್ದಾರೆ," ಎಂದ ಇವನು. ಐದನ್ನೂ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ಮೇಲಧಿಕಾರಿಗೆ ತೋರಿಸಲಿಲ್ಲ, ಹರಿಯಲೂ ಇಲ್ಲ.

ತಿಂಗಳು ಮುಗಿಯಲು ಮೂರು ದಿನವಿದ್ದಾಗ ಆರನೆಯದು ಬಂತು. ಶಾಲೆಯ ಹುಡುಗಿಯ ದುಂಡು ಅಕ್ಷರ, ನೀಲಿ ಪೆನ್ನು. ಹೇಳಿ ಬರೆಸಿದವರು ಒಬ್ಬ ವಿಧವೆ ಅಮ್ಮ, ದವಾಖಾನೆಯ ಬಟ್ಟೆ ಒಗೆದು ಸಾಕಾಗಿ ಈಗ ಮನೆಯಲ್ಲಿರುವವರು. ಪತ್ರದಲ್ಲಿ ಹೀಗಿತ್ತು:

"ನೀವು ಕೇಳಿದ್ದಕ್ಕೆಲ್ಲಾ ನಾನು ದಿನಾ ಜೋರಾಗಿ ಉತ್ತರ ಹೇಳ್ತೀನಿ. ಗೋಡೆಯಾಚೆಯವರು ನನಗೆ ತಲೆ ಕೆಟ್ಟಿದೆ ಅಂತಾರೆ. ಒಂದು ವಿಷಯ ಹೇಳಬೇಕಿತ್ತು. ಹೋದ ವರ್ಷ ನೀವು ಮಗಳು ಬಂದಳಾ ಅಂತ ಕೇಳಿದ್ರಿ. ನಾನು ಇಲ್ಲ ಅಂದೆ. ನೀವು 'ಓಹೋ ಬಂದಳಾ, ಒಳ್ಳೇದಾಯ್ತು' ಅಂದ್ರಿ. ಏಳು ವರ್ಷದಿಂದ ಅವಳು ಬಂದಿಲ್ಲ. ಆ ದಿನ ನಿಮಗೇನೋ ಗೊತ್ತಾಗಿರಬೇಕು ಅಂತ ಇಬ್ಬರಿಗೆ ಅಡುಗೆ ಮಾಡಿ ಕೂತಿದ್ದೆ. ನಾನು ಹೇಳಿದ್ದು ನಿಮಗೆ ಕೇಳಿಸಲಿಲ್ವಾ?"

ಆಮೇಲಣ್ಣ ಅದನ್ನು ಕಪಾಟಿನ ಕೋಣೆಯಲ್ಲಿ ನಿಂತೇ ಓದಿದ. ಅತ್ತ ಕಡೆ ಒಬ್ಬರಿದ್ದರು. ಇದ್ದು, ಬಾಯಿಬಿಟ್ಟು ಹೇಳಿದ್ದರು. ಇವನು ಅವರ ಮಾತಿನ ಮೇಲೆ ತನ್ನ ಮಾತು ಹೇರಿದ್ದ. ಮಂಚದ ಮೇಲಿದ್ದ ತಾಯಿ ಆರು ವರ್ಷದಲ್ಲಿ ಎಷ್ಟು ಸಲ ಇಲ್ಲ ಎಂದಿದ್ದಳೋ ಎಂದು ಆಗ ಮೊದಲ ಬಾರಿಗೆ ಅವನಿಗೆ ಅನ್ನಿಸಿತು. ಕೈಯಲ್ಲಿದ್ದ ರೆಕಾರ್ಡನ್ನು ಬೇರೆ ನಂಬರಿನಲ್ಲಿ ಇಟ್ಟ. ಅದು ಸಿಕ್ಕಿದ್ದು ವರ್ಷಗಳ ಮೇಲೆ.

ಆ ಪತ್ರವನ್ನೂ ಮೇಲಧಿಕಾರಿಗೆ ತೋರಿಸಲಿಲ್ಲ. ಒಂದು ಪತ್ರಕ್ಕೆ ಆಕೆಯಾದರೂ ಏನು ಮಾಡಿಯಾರು.

ಕೊನೆಯ ದಿನ ಎರಡು ಗಂಟೆಗೆ ಹಾಡು ಹಾಕಲಿಲ್ಲ. ಕೂತು, ನೀರು ಕುಡಿದು, ಹೇಳಿದ, "ಹೋದ ವರ್ಷ ಒಬ್ಬ ತಾಯಿಗೆ, ಮಗಳು ಬಂದಳಾ, ಒಳ್ಳೇದಾಯ್ತು ಅಂದಿದ್ದೆ. ಮಗಳು ಬಂದಿರಲಿಲ್ಲ. ನನಗೆ ಕೇಳಿಸುತ್ತೆ ಅಂತ ಇಷ್ಟು ವರ್ಷ ಹೇಳಿದ್ದು ಸುಳ್ಳು. ನನಗೆ ಯಾವತ್ತೂ ಏನೂ ಕೇಳಿಸಿಲ್ಲ. ಈಗ ನೀವೇ ಹೇಳಿ. ನಾನು ನಡುವೆ ಬಾಯಿ ಹಾಕಲ್ಲ."

ಸುಮ್ಮನಾದ. ಹನ್ನೆರಡಾಯಿತು. ಇಪ್ಪತ್ತಾಯಿತು. ಗಾಜಿನ ಆಚೆ ಎಂಜಿನಿಯರಿನ ಕೈ ಕೊಳಲಿನ ರೆಕಾರ್ಡಿನ ಹತ್ತಿರ ಹೋಯಿತು, ನಿಂತಿತು, ಮಡಿಲಿಗೆ ವಾಪಸು ಬಂತು. ಗೋಡೆಯ ಗಡಿಯಾರದ ದೊಡ್ಡ ಮುಳ್ಳು ನಾಲ್ಕು ಗೆರೆ ದಾಟಿತು. ಮೇಲಧಿಕಾರಿಯ ಕೋಣೆಯಿಂದ ಫೋನು ಬಂತು, ಯಂತ್ರ ಕೆಟ್ಟಿದೆಯೇ ಎಂದು. ಎಂಜಿನಿಯರು ಎತ್ತಿ, "ಇಲ್ಲ ಮೇಡಂ, ಕಾರ್ಯಕ್ರಮ ನಡೀತಿದೆ," ಎಂದು ಇಟ್ಟ. ಅವನ ಮೂವತ್ತು ವರ್ಷದ ನೌಕರಿಯಲ್ಲಿ ದಿನಚರಿಯಲ್ಲಿ ತಪ್ಪಿನ ಕೆಂಪು ಗೆರೆ ಬಿದ್ದದ್ದು ಅದೊಂದೇ ದಿನ.

ಮರುದಿನದಿಂದ ಎರಡು ಗಂಟೆಗೆ ಬರೀ ಹಾಡು. ಆಮೇಲಣ್ಣ ಕಪಾಟಿನ ಕೋಣೆಗೆ ಮರಳಿದ. ಮುಂದಿನ ವಾರ ರಜೆಯ ದಿನ ಬಸ್ಸು ಹತ್ತಿ, ಲಕೋಟೆಯ ಹಿಂದಿದ್ದ ವಿಳಾಸ ಕೇಳಿಕೊಂಡು ಹೋದ. ಒಂದೇ ಕೋಣೆಯ ಮನೆ, ಒಗೆದ ಬಟ್ಟೆಯ ವಾಸನೆ, ಕಿಟಕಿಯಲ್ಲಿ ರೇಡಿಯೋ. ಅಮ್ಮ ಅವನ ದನಿ ಕೇಳಿದ ಕೂಡಲೇ ಗುರುತು ಹಿಡಿದರು, ಆದರೆ ಮುಖ ನೋಡಿ ಇನ್ನೂ ಎತ್ತರ ಇರುತ್ತೀರಿ ಅಂದುಕೊಂಡಿದ್ದೆ ಎಂದರು. ಕೂರಿಸಿ ಟೀ ಕೊಟ್ಟರು. ಅವನಿಗೆ ಅಭ್ಯಾಸ ಎಲ್ಲಿ ಬಿಡುತ್ತದೆ, "ಹೇಗಿದ್ದೀರಮ್ಮ?" ಎಂದು ಕೇಳಿ, ಅವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ, "ಹೌದಾ, ಒಳ್ಳೇದು" ಎಂದುಬಿಟ್ಟ.

"ತಾಳಪ್ಪ," ಎಂದರು ಅವರು. "ನಾನಿನ್ನೂ ಹೇಳಿಲ್ಲ."

ಆಮೇಲೆ ಹೇಳಿದರು. ಮಗಳ ವಿಷಯ ಸ್ವಲ್ಪ, ದವಾಖಾನೆಯ ಹಾಸಿಗೆ ಬಟ್ಟೆಗಳ ವಿಷಯ ಬಹಳ, ಬೆನ್ನು ನೋವು, ಗೋಡೆಯಾಚೆಯವರ ಬೆಕ್ಕು. ಎಲ್ಲಿ ಹ್ಞೂಂ ಅನ್ನಬೇಕು, ಎಲ್ಲಿ ಅನ್ನಬಾರದು ಎಂದು ತಿಳಿಯದೆ ಅವನಿಗೆ ಬೆವರು ಬಂತು. ನಿಜವಾದ ಮನುಷ್ಯರು ಹನ್ನೆರಡಕ್ಕೆ ನಿಲ್ಲುವುದಿಲ್ಲ, ಕೆಲವೊಮ್ಮೆ ಎರಡಕ್ಕೇ ನಿಂತು ಕಿಟಕಿ ನೋಡುತ್ತಾರೆ. ಟೀ ಆರಿ ಕೆನೆ ಕಟ್ಟಿತು. ಕೊನೆಯ ಬಸ್ಸಿನ ಹೊತ್ತಿಗೆ ಎದ್ದು ನಿಂತ.

"ಮಂಗಳವಾರ ಬರ್ತೀರಾ?" ಎಂದರು ಅಮ್ಮ. "ಬರಲ್ಲ ಅನ್ನೋದಾದ್ರೆ ಈಗಲೇ ಹೇಳಿಬಿಡಿ. ಬರ್ತಾರೆ ಅಂತ ಕಾಯೋದು ನನಗೆ ಸಾಕಾಗಿದೆ."

ಅವನು ಚಪ್ಪಲಿಗೆ ಕಾಲು ತೂರಿಸುತ್ತಾ ಯೋಚಿಸಿದ, ನಿಜವಾಗಿಯೂ ಯೋಚಿಸಿದ.

"ಮಂಗಳವಾರ ಆಗಲ್ಲಮ್ಮ. ಅವತ್ತು ಮೇಲಿನ ಕಪಾಟು ಒರೆಸಬೇಕು. ಬುಧವಾರ ನಾಲ್ಕಕ್ಕೆ ಬರ್ತೀನಿ."

"ನಾಲ್ಕಾ," ಎಂದರು ಅವರು, ಬಾಗಿಲು ಹಿಡಿದುಕೊಂಡು. "ನಾಲ್ಕಕ್ಕೆ ನಲ್ಲೀಲಿ ನೀರು ಬರುತ್ತೆ. ಐದಕ್ಕೆ ಬನ್ನಿ."