ಕೊನೆಯ ರೀಲಿನ ಬಸ್ಸು

ಓಣಿಗೆಲ್ಲ ಒಂದೇ ಟಿವಿ ಇದ್ದ, ಅದರ ಮುಂದೆ ಕೂರುವ ಮೊದಲು ನಾವು ಕಾಲು ತೊಳೆದುಕೊಳ್ಳುತ್ತಿದ್ದ ದಿನಗಳವು. ಮಾನ್ವಿಯ ನಮ್ಮ ಓಣಿಯಲ್ಲಿ ಆ ಟಿವಿ ಇದ್ದದ್ದು ಸರಕಾರಿ ದವಾಖಾನೆಯ ನರ್ಸಮ್ಮನ ಪಡಸಾಲೆಯಲ್ಲಿ. ಅಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲ. ವಾರಕ್ಕೊಂದು ಸಂಜೆ, ಅವನು ಮೈಗಂಟಿದ ತೌಡಿನ ವಾಸನೆಯೊಡನೆ ಮನೆಗೆ ಬರುವಷ್ಟರಲ್ಲಿ ಅವ್ವ ರೊಟ್ಟಿ ಬಡಿದು ಮುಗಿಸಿ, ಪುಂಡಿ ಪಲ್ಯದ ಗಡಿಗೆ ಮುಚ್ಚಿಟ್ಟು, ನನ್ನನ್ನು ಎಳೆದುಕೊಂಡು ನರ್ಸಮ್ಮನ ಮನೆ ಸೇರಿರುತ್ತಿದ್ದಳು. ಅದು ‘ಸುಮಿತ್ರಾ ಟೀಚರ್’ ಧಾರಾವಾಹಿಯ ಹೊತ್ತು.

ಸುಮಿತ್ರಾ ಯಾವುದೋ ಊರಿನ ಶಾಲೆಯ ಶಿಕ್ಷಕಿ. ಪ್ರತಿ ವಾರವೂ ಯಾರೋ ಒಬ್ಬರು ಜಗಳ ಹೊತ್ತು ಶಾಲೆಯ ಕಟ್ಟೆಗೆ ಬರುವರು. ಅವಳು ಎಲ್ಲರ ಮಾತನ್ನೂ ಕೇಳಿ, ಕೊನೆಗೆ ಒಂದೇ ಒಂದು ಪ್ರಶ್ನೆ ಹಾಕುವಳು. ತಪ್ಪಿತಸ್ಥರು ತಲೆ ತಗ್ಗಿಸುವರು. ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವಂತೆ ಓಣಿಯ ಹೆಂಗಸರು ಅವಳನ್ನೂ ‘ಅಕ್ಕೋರು’ ಎಂದೇ ಕರೆದರು. ನಳದ ಹತ್ತಿರ ಕೊಡಗಳು ತಾಗಿದರೂ ಸಾಕು, ಯಾರಾದರೊಬ್ಬರು, “ಈಗ ಅಕ್ಕೋರು ಇದ್ದಿದ್ರ ಏನ್ ಕೇಳ್ತಿದ್ರು ಹೇಳ್ರಿ?” ಎನ್ನುವರು. ನಾವು ಹುಡುಗಿಯರು ಗಜಗದ ಆಟ ಬಿಟ್ಟು ಅಕ್ಕೋರ ಆಟ ಹಿಡಿದಿದ್ದೆವು. ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕುಳಿತವಳು ಪ್ರಶ್ನೆ ಕೇಳಬೇಕು. ನಿಜ ಹೇಳಿದವರಿಗೆ ನ್ಯಾಯ ಸಿಕ್ಕೇ ಸಿಗುತ್ತದೆಂಬುದು ಆ ಆಟದ ನಿಯಮ. ಹನ್ನೊಂದು ವರ್ಷದ ನಾನು ಅದನ್ನು ಲೋಕದ ನಿಯಮವೆಂದೂ ನಂಬಿದ್ದೆ.

ಆ ಬೇಸಿಗೆಯಲ್ಲಿ ನಮ್ಮ ಅಕ್ಕ ಈರಮ್ಮ ದೇವದುರ್ಗದಿಂದ ಬಂದಳು. ಅವಳನ್ನು ಅಲ್ಲಿಗೆ ಮದುವೆ ಮಾಡಿಕೊಟ್ಟು ಎರಡು ವರ್ಷವಾಗಿತ್ತು. ಹಬ್ಬವಿರಲಿಲ್ಲ, ಯಾರೂ ಕರೆಯಲು ಹೋಗಿರಲಿಲ್ಲ. ಕೈಯಲ್ಲಿ ಚೀಲವೂ ಇಲ್ಲದೆ, ಎಡಗಿವಿಗೆ ಹತ್ತಿ ತುರುಕಿಕೊಂಡು, ಮಟಮಟ ಮಧ್ಯಾಹ್ನ ಬಸ್ಸಿಳಿದು ಒಬ್ಬಳೇ ನಡೆದು ಬಂದಿದ್ದಳು. ಕೇಳಿದವರಿಗೆಲ್ಲ ಅವ್ವ, “ಕಿವಿ ಸೋರಾಕತ್ತದರೀ, ದವಾಖಾನಿಗಿ ತೋರಸಾಕ ಬಂದಾಳ” ಎಂದಳು.

ನರ್ಸಮ್ಮ ಬಾಗಿಲು ಮುಚ್ಚಿ, ಬ್ಯಾಟರಿ ಹಚ್ಚಿ ಕಿವಿಯೊಳಗೆ ನೋಡಿದಳು. ನಾನು ಕಿಟಕಿಯ ಹೊರಗಿದ್ದೆ.

“ಇದು ಸೋರೋ ಕಿವಿ ಅಲ್ಲಬೇ. ಹೊಡತ ಬಿದ್ದು ತಮಟಿ ಹರದದ. ಯಾರು ಹೊಡದ್ರು?”

ಅಕ್ಕನ ಬದಲು ಅವ್ವ ಉತ್ತರ ಕೊಟ್ಟಳು. “ಗಂಡ ಹೆಂಡತಿ ಅಂದಮ್ಯಾಲ ಒಂದ್ ಮಾತು ಬರತದ, ಹೋಗತದರೀ ನರ್ಸಮ್ಮಾರ.”

“ಮಾತು ಬಂದ್ರ ಕಿವಿ ಹರಿಯಂಗಿಲ್ಲ,” ಎಂದಳು ನರ್ಸಮ್ಮ. ದೇವದುರ್ಗದ ಹಿರಿಯರು ಗುರುವಾರ ಅಕ್ಕನನ್ನು ಕರೆದೊಯ್ಯಲು ಬರುವವರಿದ್ದರು. “ಗುರುವಾರ ನಾನೂ ಬಂದು ಕುಂದರ್ತೀನಿ. ಅವರ ಎದುರಿಗೇ ಕೇಳ್ತೀನಿ. ನಾ ಬರೋತನಕ ಹುಡುಗೀನ ಕಳಸಬ್ಯಾಡ್ರಿ.”

ಅಕ್ಕ ಮೊದಲ ಬಾರಿಗೆ ತಲೆ ಎತ್ತಿದ್ದನ್ನು ನಾನು ಕಿಟಕಿಯಿಂದ ಕಂಡೆ.

ಅದೇ ವಾರ ಊರಿನ ತಗಡಿನ ಟಾಕೀಜಿಗೆ ‘ಸುಮಿತ್ರೆಯ ಮನೆ’ ಬಂದಿತು. ಧಾರಾವಾಹಿ ಮುಗಿದ ಮೇಲೆ ಅದರ ಕೀರ್ತಿಯ ಬೆನ್ನು ಹತ್ತಿ ತೆಗೆದ ಸಿನಿಮಾ, ಅದೇ ನಟಿ. ಹೆಂಗಸರಿಗೆ ಅದು ಸಿನಿಮಾ ಬಂದಂತೆ ತೋರಲಿಲ್ಲ, ಮನೆಮಗಳೇ ಊರಿಗೆ ಬಂದಂತೆ ತೋರಿತು. ಮನೆಗೆ ಬಂದ ಮಗಳಿಗೆ ಉಡಿ ತುಂಬದೆ ಇರುವುದುಂಟೇ? ಭಾನುವಾರ ಬೆಳಿಗ್ಗೆ ಓಣಿಯ ಏಳೆಂಟು ಹೆಂಗಸರು ಅಕ್ಕಿ, ಒಣಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು ತೆಗೆದುಕೊಂಡು ಟಾಕೀಜಿನ ಮುಂದಿನ ಆಳೆತ್ತರದ ಪೋಸ್ಟರಿನ ಬಳಿ ಹೋದರು. ಅವ್ವ ತನ್ನ ಟ್ರಂಕಿನಿಂದ ಹಸಿರು ಕುಬಸದ ಖಣವೊಂದನ್ನು ತೆಗೆದು, ಪೋಸ್ಟರಿನ ಬಿದಿರು ಚೌಕಟ್ಟಿಗೆ ಸಿಕ್ಕಿಸಿದಳು.

ಗೇಟ್ ಕಾಯುವವನು ಬಿದ್ದು ಬಿದ್ದು ನಕ್ಕ. “ಯವ್ವಾ, ಅದು ಕಾಗದಬೇ!”

“ಕಾಗದಾದ್ರ ಏನಲೇ? ಎಲ್ಲವ್ವನ ಪಟಕ್ಕ ಉಡಿ ತುಂಬಂಗಿಲ್ಲೇನು?” ಎಂದಳು ಅವ್ವ.

ಸೋಮವಾರ ಮಧ್ಯಾಹ್ನದ ಆಟಕ್ಕೆ ನಾವು ನಾಲ್ವರೂ ಹೋದೆವು. ಗಂಡಸರ ಬದಿಗೆ ಬೆಂಚುಗಳು, ಅಪ್ಪ ಅಲ್ಲಿ. ನಡುವೆ ಸೊಂಟದೆತ್ತರದ ಗೋಡೆ. ಈಚೆ ನೆಲದ ಮೇಲೆ ನಾವು. ತಗಡಿನ ಮೊಳೆತೂತುಗಳಿಂದ ಇಳಿದ ಬಿಸಿಲು ಪರದೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದಿತ್ತು. ಕಾದ ತಗಡು, ಬೆವರು, ಹೊರಗಿನ ಒಗ್ಗರಣಿ ಮಿರ್ಚಿಯ ಎಣ್ಣೆಯ ಘಾಟು: ಈಗಲೂ ಬೇಸಿಗೆಯೆಂದರೆ ನನ್ನ ಮೂಗಿಗೆ ಬರುವುದು ಇದೇ.

ಸಿನಿಮಾದಲ್ಲಿ ಶಾಲೆಯಿರಲಿಲ್ಲ, ಮನೆಯಿತ್ತು. ಊರಿನ ಜಗಳ ಬಿಡಿಸಿ ಬಂದ ಸುಮಿತ್ರಾ ಚಪ್ಪಲಿ ಕಳಚಿ ಒಳಗೆ ಹೋಗುತ್ತಾಳೆ, ಬಾಗಿಲು ಮುಚ್ಚುತ್ತದೆ, ಗಂಡ ಹೊಡೆಯುತ್ತಾನೆ. ಮೊದಲ ಏಟಿಗೆ ಗಂಡಸರ ಬದಿಯಲ್ಲಿ ಗಲಿಬಿಲಿ. ಎರಡನೆಯದಕ್ಕೆ ಸಿಳ್ಳೆ. “ಊರ ಜಗಳ ಬಿಡಸ್ತೀಯಲ್ಲ, ಈಗ ಬಿಡಸ್ಕೋಬೇ!” ಎಂದು ಒಬ್ಬ ಕೂಗಿದ, ನಗೆ ಎದ್ದಿತು. ಇನ್ನೊಬ್ಬ ಚಪ್ಪಲಿ ಎಸೆದ. ನಮ್ಮ ಬದಿಯಲ್ಲಿ ಕೂಸುಗಳ ಕುಂಯ್ ಎನ್ನುವ ದನಿ, ಬಳೆಗಳ ಸಪ್ಪಳ ಬಿಟ್ಟರೆ ಏನೂ ಇರಲಿಲ್ಲ. ಅಕ್ಕ ತನ್ನ ಎಡಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಳು.

ಸುಮಿತ್ರಾ ತವರಿಗೆ ಬಂದಳು. ಗಂಡನ ಮನೆಯವರು ಕರೆಯಲು ಬಂದರು. ತಾಯಿ ಮಗಳ ಸೆರಗಿಗೆ ಅಕ್ಕಿ ಸುರಿಯುತ್ತ ಉಡಿ ತುಂಬತೊಡಗಿದಳು. ಆಗ ಅಕ್ಕ ನನ್ನ ಮುಂಗೈ ಹಿಡಿದಳು.

“ದೇವಿ, ನಾ ದೇವದುರ್ಗಕ್ಕ ಹೋಗಂಗಿಲ್ಲ.”

ಬಂದ ದಿನದಿಂದ ಅವಳು ಯಾರಿಗೂ ಹೇಳದಿದ್ದ ಮಾತು. ನನಗೆ ಆದದ್ದು ಭಯವಲ್ಲ, ಆನಂದ. ಅಕ್ಕ ನಿಜ ಹೇಳಿಬಿಟ್ಟಿದ್ದಾಳೆ. ಇನ್ನು ನ್ಯಾಯ ಆಗಿಯೇ ಆಗುತ್ತದೆ. ಗುರುವಾರದವರೆಗೆ ಕಾಯುವುದೇಕೆ? ಅವಳ ಕೈ ಬಿಡಿಸಿಕೊಂಡೆ, ಗೋಡೆ ಹಾರಿದೆ, ಬೆಂಚುಗಳ ನಡುವೆ ಓಡಿ, ಪರದೆಯ ಸದ್ದನ್ನೂ ಮೀರಿಸಿ ಕೂಗಿದೆ: “ಯಪ್ಪಾ! ಅಕ್ಕ ಗಂಡನ ಮನಿಗಿ ಹೋಗಂಗಿಲ್ಲಂತ! ಈಗ ಹೇಳಿದಳು!”

ತಲೆಗಳೆಲ್ಲ ತಿರುಗಿದವು. ಗಿರಣಿಯ ಹಮಾಲನೊಬ್ಬ, “ಯಣ್ಣಾ, ನಿನ್ನ ಮನ್ಯಾಗೂ ಒಬ್ಬಾಕಿ ಟೀಚರ್ ಹುಟ್ಟ್ಯಾಳಲ್ಲೋ!” ಎಂದ. ಆ ನಗೆ ಬೆಂಚಿನಿಂದ ಬೆಂಚಿಗೆ ಹೋಯಿತು. ಅಪ್ಪ ನನ್ನನ್ನು ಹೊಡೆಯಲಿಲ್ಲ. ಎದ್ದು ಗೋಡೆಯ ಬಳಿ ಬಂದು, “ಏಳ್ರಿ” ಎಂದನಷ್ಟೆ.

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಅಪ್ಪ ಹಿಂದಿರುಗಿ ನೋಡದೆ ನಡೆದ. ಅವ್ವ ಮಾತ್ರ ಪೋಸ್ಟರಿನ ಬಳಿ ಒಂದು ಗಳಿಗೆ ನಿಂತು, ಚೌಕಟ್ಟಿನಿಂದ ಹಸಿರು ಖಣವನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಗುರುವಾರದ ತನಕ ಅಪ್ಪ ಕಾಯಲಿಲ್ಲ. ಮಂಗಳವಾರ ಬೆಳಿಗ್ಗೆ ಅಕ್ಕನನ್ನು ಮಣೆಯ ಮೇಲೆ ಕೂರಿಸಿ ಅವ್ವ ಉಡಿ ತುಂಬಿದಳು. ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು, ಮೇಲೆ ಖಣ ಬಂದಿತು. ಅಕ್ಕ ಅದರ ಅಂಚನ್ನು ಬೆರಳಿಂದ ಮುಟ್ಟಿ ನೋಡಿದಳು.

“ಯವ್ವಾ, ಇದು ಅಕ್ಕೋರದು.”

“ಕಾಗದಕ್ಕ ಯಾಕಬೇ ಖಣ,” ಎಂದಳು ಅವ್ವ. ಹಾಗೆನ್ನುತ್ತ ಅವಳು ಅಕ್ಕನ ಎಡಗಿವಿಯ ಮೇಲೆ ಸೆರಗು ಎಳೆದು ಮುಚ್ಚಿದ್ದನ್ನು ಕಂಡಿದ್ದೇನೆ; ಆದ್ದರಿಂದ ಅವ್ವನಿಗೆ ಏನೂ ತಿಳಿದಿರಲಿಲ್ಲವೆಂದು ಯಾರಾದರೂ ಹೇಳಿದರೆ ಒಪ್ಪಲಾರೆ.

ಬಸ್ ನಿಲ್ದಾಣದಲ್ಲಿ ಅಕ್ಕ ಉಡಿಯೊಳಗಿನಿಂದ ಒಂದು ಉತ್ತತ್ತಿ ತೆಗೆದು ನನ್ನ ಕೈಯಲ್ಲಿಟ್ಟಳು. ಗಂಡನ ಮನೆಗೆ ಹೊರಟವಳು ಉಡಿಯಿಂದ ತೆಗೆದು ಕೊಡಬಾರದು. ಅವಳು ಕೊಟ್ಟಳು. ಅಪ್ಪ ಜೊತೆಗೆ ಹೋದ. ದೇವದುರ್ಗದ ಬಸ್ಸು ಸಿರವಾರದ ದಾರಿ ಹಿಡಿಯಿತು.

ಗುರುವಾರ ನರ್ಸಮ್ಮ ಬಿಳಿ ಸೀರೆಯಲ್ಲೇ ನೇರ ನಮ್ಮ ಬಾಗಿಲಿಗೆ ಬಂದಳು. “ಎಲ್ಲಿ ಹುಡುಗಿ?”

“ಹೋದಳ್ರೀ. ತಾನಾಗಿ ಹೋದಳು,” ಎಂದಳು ಅವ್ವ.

ನಾನು ಅಲ್ಲೇ ಇದ್ದೆ. ಮುಷ್ಟಿಯೊಳಗೆ ತಿನ್ನದೆ ಉಳಿಸಿದ್ದ ಉತ್ತತ್ತಿ ಇತ್ತು. ನರ್ಸಮ್ಮ ನನ್ನ ಮುಖ ನೋಡಿದಳು. ಇನ್ನೊಬ್ಬರ ಮಾತನ್ನು ಮೊನ್ನೆ ಊರಿಗೆಲ್ಲ ಕೇಳುವಂತೆ ಕೂಗಿದ್ದ ನಾನು, ಹೇಳಬೇಕಾದ ಒಂದೇ ಮಾತನ್ನು ಆ ದಿನ ಹೇಳಲಿಲ್ಲ.

ಸಿನಿಮಾವನ್ನು ಮೂರೇ ದಿನಕ್ಕೆ ಎತ್ತಿದರು. ಎಲ್ಲ ಕಡೆಯೂ ಅದನ್ನು ಬಯ್ದರಂತೆ. ಒಳ್ಳೆಯ ಟೀಚರನ್ನು ಕೆಡಿಸಿದರು ಎಂದರಂತೆ. ಅಪ್ಪನೂ ಸಾಯುವ ತನಕ, “ಆ ಸಿನಿಮಾ ನೋಡಿ ಹುಡುಗಿ ತಲಿ ಕೆಟ್ಟಿತ್ತು” ಎಂದೇ ಹೇಳಿಕೊಂಡು ಬಂದ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಆಮೇಲೆ ಓದಿದ್ದೆಲ್ಲ ಊರಿನ ವಾಚನಾಲಯದಲ್ಲಿ, ಒಬ್ಬಳೇ ಕುಳಿತು. ಆ ಓದು ನನಗೆ ಕಲಿಸಿದ್ದು ಒಂದೇ: ಯಾರು ಏನು ಹೇಳಿದರೂ, ಆಗ ಅವರು ಎಲ್ಲಿ ಕುಳಿತಿದ್ದರು ಎಂದು ಮೊದಲು ಕೇಳಬೇಕು.

ಈಗ ಆ ಸಿನಿಮಾದ ಕಾಲ ಬಂದಿದೆ. ಹೊಸ ಹುಡುಗರು ಅದನ್ನು ಹುಡುಕಿ ತೆಗೆದು, ಕಾಲಕ್ಕಿಂತ ಮುಂಚೆ ಬಂದ ಸಿನಿಮಾ ಎಂದು ಮೊಬೈಲಿನಲ್ಲಿ ಉದ್ದುದ್ದ ಬರೆಯುತ್ತಾರೆ. ಮೊನ್ನೆ ರಾಯಚೂರಿನಲ್ಲಿ ಅಂಥ ಅಭಿಮಾನಿಗಳು ಸೇರಿ ಅದನ್ನು ತೋರಿಸಿದರು. ನಾನೂ ಹೋದೆ. ಮೊದಲು ಒಬ್ಬ ತರುಣ ನಿಂತು, “ಆಗಿನ ಹಳ್ಳಿಗಾಡಿನ ಹೆಣ್ಣುಮಕ್ಕಳಿಗೆ ಇದು ಅರ್ಥವಾಗಲಿಲ್ಲ. ತಮ್ಮ ದೇವತೆಯಂಥ ಟೀಚರನ್ನು ಹೀಗೆ ತೋರಿಸಿದ್ದನ್ನು ಅವರೇ ತಿರಸ್ಕರಿಸಿದರು” ಎಂದ.

ನಾನು ಎದ್ದು ನಿಂತೆ. “ತಮ್ಮಾ, ನೀ ಎಲ್ಲಿ ಕುಂತು ನೋಡಿದ್ಯಪ್ಪಾ?”

ಎಲ್ಲರೂ ನಕ್ಕರು. “ನಾ ಆಗ ಹುಟ್ಟೇ ಇರಲಿಲ್ಲಮ್ಮ” ಎಂದ.

“ನಾ ಹೆಂಗಸರ ಬದಿ ಕುಂತಿದ್ದೆ. ಸಿಳ್ಳಿ ಹೊಡದವರು, ಚಪ್ಪಲಿ ಒಗದವರು ಗೋಡಿ ಆ ಕಡಿ ಇದ್ರು. ನಾವು ಸುಮ್ಮನಿದ್ವಿ. ಅರ್ಥ ಆಗಿತ್ತು, ಅದಕ್ಕ ಸುಮ್ಮನಿದ್ವಿ.”

ಜೋರಾಗಿ ಚಪ್ಪಾಳೆ ತಟ್ಟಿದರು. ಒಬ್ಬಳು ನನ್ನೊಡನೆ ಫೋಟೋ ತೆಗೆಸಿಕೊಂಡಳು. ಆ ಚಪ್ಪಾಳೆಯಿಂದ ನನಗೆ ಸಮಾಧಾನವಾಗಲಿಲ್ಲ.

ಆಮೇಲೆ, ಅಂದು ನಾವು ನೋಡದೆ ಎದ್ದುಬಂದ ಕೊನೆಯ ರೀಲನ್ನು ಕಂಡೆ. ಸುಮಿತ್ರಾ ಬಸ್ ನಿಲ್ದಾಣದಲ್ಲಿ ಕುಳಿತಿದ್ದಾಳೆ. ಗಂಡನ ಅಣ್ಣ ನೀರು ಕುಡಿಯಲು ಹೋಗುತ್ತಾನೆ. ಅವಳು ಸೆರಗಿನ ಗಂಟು ಬಿಚ್ಚಿ, ಉಡಿಯ ಅಕ್ಕಿಯನ್ನೆಲ್ಲ ಗುಬ್ಬಿಗಳಿಗೆ ಸುರಿಯುತ್ತಾಳೆ. ಸೆರಗು ಕೊಡವಿ, ಎದುರಿಗೆ ಬಂದ ಬೇರೆ ಬಸ್ಸು ಹತ್ತುತ್ತಾಳೆ. ಬಸ್ಸು ಹೊರಡುತ್ತದೆ. ಅಷ್ಟೆ.

ಅಂದು ನಾನು ಕೂಗದೆ ಕುಳಿತಿದ್ದರೆ ಅಕ್ಕ ಇದನ್ನು ನೋಡುತ್ತಿದ್ದಳು. ಮರುದಿನ ಅವಳೂ ಬಸ್ ನಿಲ್ದಾಣದಲ್ಲಿ ಕುಳಿತಿದ್ದಳಲ್ಲ, ಮಡಿಲ ತುಂಬ ಅಕ್ಕಿ ಇತ್ತಲ್ಲ. ಹಾಲ್ ತುಂಬ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು.

ಸಿನಿಮಾವನ್ನು ನನ್ನ ಮೊಬೈಲಿಗೆ ಹಾಕಿಸಿಕೊಂಡು ದೇವದುರ್ಗಕ್ಕೆ ಹೋದೆ. ಭಾವ ತೀರಿಕೊಂಡು ಬಹಳ ಕಾಲವಾಗಿದೆ. ಗೋಡೆಯ ಮೇಲೆ ಹಾರ ಹಾಕಿದ ಅವನ ಫೋಟೋ ಇತ್ತು. ಅಕ್ಕ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ನಾನು ಅವಳ ಬಲಗಡೆಗೆ ಕುಳಿತೆ. ಎಡಗಡೆ ಕುಳಿತರೆ ಅವಳಿಗೆ ಏನೂ ಕೇಳುವುದಿಲ್ಲ.

ಕೊನೆಯ ರೀಲು ತೋರಿಸಿದೆ. ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ನೋಡಿದಳು. ಗುಬ್ಬಿಗಳು ಬಂದಾಗ ಸ್ವಲ್ಪ ನಕ್ಕಳು.

“ಮುಗೀತೇನು?”

“ಮುಗೀತಕ್ಕಾ.”

“ಆ ಬಸ್ಸು ಯಾವೂರಿಗಿ ಹೋಗತದ?”

“ಅದು ತೋರಿಸಿಲ್ಲ.”

“ಮತ್ತ? ಹತ್ತಿದಳು ಖರೆ. ಎಲ್ಲಿ ಇಳಿಯಾಕಿ?”

ಇಷ್ಟು ವರ್ಷ ಹೊತ್ತಿದ್ದನ್ನು ಕೆಳಗಿಳಿಸಲೆಂದೇ ಬಂದಿದ್ದೆ. “ಅಕ್ಕಾ, ಅವತ್ತು ನಾ ಒದರಬಾರದಿತ್ತು. ಇದನ್ನ ನೀ ನೋಡಿದ್ದೀ ಅಂದ್ರ...”

ಅವಳು ಮೆಣಸಿನಕಾಯಿ ಕೆಳಗಿಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಬಸ್ಸು ಹತ್ತೋದು ಸಿನಿಮಾ ನೋಡಿ ಕಲೀಬೇಕೇನ ದೇವಿ? ಬರಿಗೈಲೆ ಹತ್ತಿ ಬಂದಿದ್ನಲ್ಲಬೇ. ನಿಮ್ಮ ಹತ್ರಾನೇ ಬಂದಿದ್ದೆ.”

ಅವಳು ಮತ್ತೆ ತೊಟ್ಟು ಬಿಡಿಸತೊಡಗಿದಳು. “ರೊಟ್ಟಿ ತಿಂದು ಹೋಗು” ಎಂದಳು.

ನಮ್ಮ ಓಣಿಯಲ್ಲಿ ಈಗ ಮನೆಗೊಂದು ಟಿವಿ ಇದೆ. ಯಾರೂ ಕಾಲು ತೊಳೆದುಕೊಂಡು ಕೂರುವುದಿಲ್ಲ. ತಗಡಿನ ಟಾಕೀಜು ಬಿದ್ದು, ಆ ಜಾಗದಲ್ಲಿ ಗೊಬ್ಬರದ ಗೋದಾಮು ಎದ್ದಿದೆ. ನರ್ಸಮ್ಮ ವರ್ಗವಾಗಿ ಹೋದವಳು ಮತ್ತೆ ಬರಲಿಲ್ಲ. ಇವನ್ನೆಲ್ಲ ಕಳೆದುಕೊಂಡೆವೆಂದು ಬರೆಯುವುದು ಸುಲಭ, ಓದುವವರಿಗೂ ಹಿತ. ಆದರೆ ಕಳೆದದ್ದರ ಅಳತೆ ಅದಲ್ಲ. ಆ ಬೇಸಿಗೆಯಲ್ಲಿ ಅಕ್ಕ ನಮ್ಮ ಮನೆಯಲ್ಲಿದ್ದದ್ದು ಒಟ್ಟು ಒಂಬತ್ತು ದಿನ. ಆ ಒಂಬತ್ತು ದಿನ ಅವಳು ಹತ್ತಿದ ಬಸ್ಸಿಗೆ ಇಳಿಯುವ ಊರೊಂದಿತ್ತು.

ಬರುವಾಗ ಬಸ್ಸಿನಲ್ಲಿ ಆ ಕೊನೆಯ ದೃಶ್ಯವನ್ನು ಮತ್ತೆ ಮತ್ತೆ ಹಾಕಿ ನೋಡಿದೆ. ಬಸ್ಸಿನ ಹಣೆಯ ಮೇಲೊಂದು ಬೋರ್ಡಿದೆ. ನಿಲ್ಲಿಸಿ, ದೊಡ್ಡದು ಮಾಡಿ, ಕಣ್ಣಿಗೆ ತಾಗಿಸಿ ನೋಡಿದರೂ ಊರಿನ ಹೆಸರು ಕಾಣುವುದಿಲ್ಲ.